ಬಿಸ್ಕಿಟ್ ಬೆಂಕಿ: ಸುಟ್ಟ ಕಾಡಿನಲ್ಲಿ ಗರಗಸದ ಅವಸರ

ಅಮೆರಿಕದ ಆರೆಗಾನ್ ರಾಜ್ಯದ ನೈಋತ್ಯ ಮೂಲೆಯಲ್ಲಿ ಸಿಸ್ಕಿಯು ಅನ್ನೋ ಬೆಟ್ಟಸಾಲು ಇದೆ. ಪೋರ್ಟ್‌ಲೆಂಡ್ ಕಡೆಯಿಂದ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರಗಳನ್ನು ನೋಡೋಕೆ ಕಾರಿನಲ್ಲಿ ಹೊರಟವರು 199ನೇ ಹೆದ್ದಾರಿ ಹಿಡಿದರೆ ಸೆಲ್ಮಾ, ಕೇವ್ ಜಂಕ್ಷನ್ ಎಂಬ ಸಣ್ಣ ಊರುಗಳು ಸಿಗುತ್ತವೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಎಷ್ಟೋ ಮನೆಯವರು ರಜೆಯಲ್ಲಿ ಈ ದಾರಿಯಲ್ಲಿ ಹೋಗಿರಬಹುದು. ಆ ರಸ್ತೆಯ ಪಶ್ಚಿಮಕ್ಕೆ ಕಾಣುವ ಬೆಟ್ಟಗಳಲ್ಲಿ ನಡೆದ ಪ್ರಕರಣ ಇದು.

2002ರ ಜುಲೈ 13ರಂದು ಅಲ್ಲಿ ಸಿಡಿಲು ಬಡಿದು ಬೆಂಕಿ ಹೊತ್ತಿತು. ಒಂದು ಕಡೆ ಅಲ್ಲ, ಹಲವು ಕಡೆ. ದೊಡ್ಡದಕ್ಕೆ ಮೊದಲು ಫ್ಲಾರೆನ್ಸ್ ಬೆಂಕಿ ಎಂದು ಹೆಸರಿಟ್ಟಿದ್ದರು. ಕರಾವಳಿಯಲ್ಲಿ ಫ್ಲಾರೆನ್ಸ್ ಅನ್ನೋ ಊರೇ ಇರುವುದರಿಂದ ಜನ ಗಾಬರಿಯಾಗುತ್ತಾರೆ ಎಂದು, ಬೆಂಕಿಗಳೆಲ್ಲ ಒಂದಾದ ಮೇಲೆ, ಅಲ್ಲಿನ ಬಿಸ್ಕಿಟ್ ಹಳ್ಳದ ಹೆಸರಿಟ್ಟರು. ಸುಮಾರು 5 ಲಕ್ಷ ಎಕರೆಯ ಮೇಲೆ ಬೆಂಕಿ ಹರಿದಾಡಿತು. ನಮ್ಮ ಬಂಡೀಪುರ ರಾಷ್ಟ್ರೀಯ ಉದ್ಯಾನದ ಎರಡು ಪಟ್ಟಿಗೂ ಜಾಸ್ತಿ ಜಾಗ ಅದು. ಆರಿಸೋಕೆ ಖರ್ಚಾಗಿದ್ದು 15 ಕೋಟಿ ಡಾಲರ್‌ಗೂ ಮೇಲೆ. ಇಲಿನಾಯ್ ನದಿ ಕಣಿವೆಯ ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು, ಯಾವ ಗಳಿಗೆಯಲ್ಲಾದರೂ ಮನೆ ಬಿಡಲು ತಯಾರಾಗಿ ಕೂತಿದ್ದರು.

ಬೆಂಕಿಯ ಬಗ್ಗೆ ಇಷ್ಟು ಸಾಕು. ನಾನು ಹೇಳಬೇಕಾಗಿರೋದು ಬೆಂಕಿ ಆರಿದ ಮೇಲಿನ ಕಥೆ.

ಮೊದಲು ಒಂದು ಮಾತು ನೆನಪಿಟ್ಟುಕೊಳ್ಳಿ. 5 ಲಕ್ಷ ಎಕರೆ ಸುಟ್ಟಿತು ಅಂದರೆ ಅಷ್ಟೂ ಬೂದಿಯಾಯಿತು ಅಂತಲ್ಲ. ಕಾಡ್ಗಿಚ್ಚು ಚಾಪೆ ಹಾಸಿದ ಹಾಗೆ ಸಮನಾಗಿ ಸುಡುವುದಿಲ್ಲ. ಒಂದು ಇಳಿಜಾರಿನಲ್ಲಿ ಮರಗಳೆಲ್ಲ ಸತ್ತಿರುತ್ತವೆ. ಪಕ್ಕದ ಕಣಿವೆಯಲ್ಲಿ ತರಗೆಲೆ ಮಾತ್ರ ಸುಟ್ಟು, ಮರಗಳು ಹಸಿರಾಗೇ ನಿಂತಿರುತ್ತವೆ. ಹೀಗೆ ಉಳಿದ ಮರಗಳೇ ಸತ್ತ ಇಳಿಜಾರಿಗೆ ಬೀಜ ಕಳಿಸುವ ತಾಯಿಮರಗಳು.

ಈ ಕಾಡು ಸರ್ಕಾರದ್ದು, ಅಂದರೆ ಜನರದ್ದು. ಅಮೆರಿಕದ ಅರಣ್ಯ ಸೇವೆ ಅದನ್ನು ನೋಡಿಕೊಳ್ಳುತ್ತದೆ. ನಡುವೆ ಸುಮಾರು 1,80,000 ಎಕರೆಯ ಕಾಲ್ಮಿಯಾಪ್ಸಿಸ್ ವನ್ಯಪ್ರದೇಶ ಇದೆ. ಅಲ್ಲಿ ಬೇರೆಲ್ಲೂ ಸಿಗದ ಒಂದು ಗುಲಾಬಿ ಬಣ್ಣದ ಹೂವಿನ ಪೊದೆಯಿಂದ ಬಂದ ಹೆಸರು ಅದು. ವನ್ಯಪ್ರದೇಶದಲ್ಲಿ ಮರ ಕಡಿಯೋಕೆ ಕಾನೂನೇ ಬಿಡುವುದಿಲ್ಲ. ಆದರೆ ಅದರ ಸುತ್ತಲಿನ ಕಾಡಿಗೆ ಅಷ್ಟು ಗಟ್ಟಿ ರಕ್ಷಣೆ ಇರಲಿಲ್ಲ. ಕೆಲವು ಭಾಗ ಹಳೆಯ ಕಾಡಿನ ಮೀಸಲು. ಕೆಲವು ಭಾಗ ಇನ್ನೂ ರಸ್ತೆ ಕಾಣದ ಕಾಡು. 2001ರ ಜನವರಿಯಲ್ಲಿ ಕ್ಲಿಂಟನ್ ಸರ್ಕಾರ ದೇಶದ 5.85 ಕೋಟಿ ಎಕರೆ ಇಂಥ ಕಾಡಿನಲ್ಲಿ ಹೊಸ ರಸ್ತೆ, ಮರ ಕಡಿತ ಬೇಡ ಎಂಬ ನಿಯಮ ತಂದಿತ್ತು. ಜಗಳ ಹುಟ್ಟಿದ್ದು ಈ ಅಂಚಿನ ಕಾಡುಗಳಲ್ಲಿ.

ಅವಸರ ಎಲ್ಲಿಂದ ಬಂತು

ಸುಟ್ಟ ಕಾಡಿನಿಂದ ಮರ ಕಡಿದು ಮಾರುವುದಕ್ಕೆ ಅಲ್ಲಿ ಸಾಲ್ವೇಜ್ ಲಾಗಿಂಗ್ ಅಂತಾರೆ. ಮುಳುಗಿದ ಹಡಗಿನಿಂದ ಸಾಮಾನು ಎತ್ತಿ ಉಳಿಸಿಕೊಳ್ಳೋಕೂ ಇದೇ ಪದ. ಪದ ಕೇಳಿದರೆ ಏನೋ ಪುಣ್ಯದ ಕೆಲಸ ಅನ್ನಿಸುತ್ತೆ. ಹೇಗಿದ್ದರೂ ಸತ್ತ ಮರ, ಸುಮ್ನೆ ಕೊಳೆಯೋದಕ್ಕಿಂತ ಯಾರದೋ ಮನೆಗೆ ತೊಲೆಯಾಗಲಿ, ಅಲ್ವಾ? ಮೊದಲ ಸಲ ಕೇಳಿದವರು ಯಾರೇ ಆದರೂ ಹೌದು ಅಂತಾರೆ.

ಸತ್ತ ಮರ ಬೇಗ ಕೆಡುತ್ತದೆ. ಹುಳ ಕೊರೆಯುತ್ತದೆ, ಬೂಷ್ಟು ಹಿಡಿದು ಮರ ನೀಲಿಯಾಗುತ್ತದೆ, ಬಿರುಕು ಬಿಡುತ್ತದೆ. ಎರಡು ಮೂರು ವರ್ಷದಲ್ಲಿ ಸಣ್ಣ ಮರಗಳಿಗೆ ಬೆಲೆಯೇ ಇರುವುದಿಲ್ಲ. ಹಾಗಾಗಿ ಮರದ ಉದ್ಯಮದ ಗಡಿಯಾರ ಬೆಂಕಿ ಆರಿದ ದಿನದಿಂದಲೇ ಟಿಕ್ ಟಿಕ್ ಅನ್ನೋಕೆ ಶುರುವಾಗುತ್ತದೆ. ಈ ಪ್ರಕರಣದಲ್ಲಿ ಉದ್ದಕ್ಕೂ ಕೇಳಿಸೋದು ಅದೇ ಸದ್ದು.

ಅಮೆರಿಕದಲ್ಲಿ ಮರವನ್ನು ಬೋರ್ಡ್ ಫುಟ್ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದಡಿ ಉದ್ದ, ಒಂದಡಿ ಅಗಲ, ಒಂದಿಂಚು ದಪ್ಪದ ಹಲಗೆ ಅಂದರೆ ಒಂದು ಬೋರ್ಡ್ ಫುಟ್. ಅರಣ್ಯ ಸೇವೆಯ ಶುರುವಿನ ಅಂದಾಜು 10 ಕೋಟಿ ಬೋರ್ಡ್ ಫುಟ್‌ಗೂ ಕಡಿಮೆ ಇತ್ತು. 2003ರ ಬೇಸಿಗೆಯಲ್ಲಿ ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಅರಣ್ಯ ಎಂಜಿನಿಯರಿಂಗ್ ಪ್ರಾಧ್ಯಾಪಕ ಜಾನ್ ಸೆಷನ್ಸ್ ಮತ್ತು ಸಂಗಡಿಗರು ಒಂದು ವರದಿ ಕೊಟ್ಟರು. ಮರದ ಉದ್ಯಮವನ್ನೇ ನಂಬಿದ್ದ ಡಗ್ಲಸ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಆಡಳಿತ ಕೇಳಿ ಮಾಡಿಸಿದ ವರದಿ. ಅದರ ಪ್ರಕಾರ 250 ಕೋಟಿ ಬೋರ್ಡ್ ಫುಟ್ ತೆಗೆಯಬಹುದಿತ್ತು. ಬೇಗ ಕಡಿದು, ಬೇಗ ಸಸಿ ನೆಡದಿದ್ದರೆ ಪೊದೆಗಳು ಆವರಿಸಿ, ದೊಡ್ಡ ಮರಗಳ ಕಾಡು ಬಹುಕಾಲ ಹಿಂತಿರುಗುವುದಿಲ್ಲ ಎಂಬುದು ಅವರ ವಾದ.

ಆ ಮಾತು ಸರ್ಕಾರದ ಕಿವಿಗೆ ಬಿತ್ತು. ಅದೇ ವರ್ಷದ ಕೊನೆಗೆ ಬಂದ ಕರಡಿನಲ್ಲಿ ಅಂಕಿ 51.8 ಕೋಟಿಗೆ ಏರಿತು. 2004ರ ಬೇಸಿಗೆಯಲ್ಲಿ ಅಂತಿಮ ಯೋಜನೆ ಬಂದಾಗ 37 ಕೋಟಿಗೆ ನಿಂತಿತು. ಒಂದು ಲಾರಿಗೆ 5,000 ಬೋರ್ಡ್ ಫುಟ್ ಅಂತ ಹಿಡಿದರೂ 74,000 ಲಾರಿ ಲೋಡು. ಸುಮಾರು 19,000 ಎಕರೆಯಲ್ಲಿ ಕಡಿತ, ಅದರಲ್ಲಿ ಸುಮಾರು 8,000 ಎಕರೆ ರಸ್ತೆಯಿಲ್ಲದ ಕಾಡು. ಅಮೆರಿಕದ ಅರಣ್ಯ ಸೇವೆಯ ಇತಿಹಾಸದಲ್ಲೇ ಅತಿ ದೊಡ್ಡ ಮಾರಾಟಗಳಲ್ಲಿ ಇದೂ ಒಂದು.

ಸುಟ್ಟಿದ್ದು ಕಾಡು. ಅಂಕಿ ಏರಿದ್ದು ಕಚೇರಿಗಳಲ್ಲಿ. ನನಗೆ ಈ ಪ್ರಕರಣದಲ್ಲಿ ಅತಿ ಹೆಚ್ಚು ನೋವಾಗೋದು ಇಲ್ಲೇ. ಕಾಡಿಗೆ ಏನು ಬೇಕು ಎಂದು ಮೊದಲು ನೋಡಿ, ಆಮೇಲೆ ಮರ ಎಷ್ಟು ಸಿಗುತ್ತದೆ ಎಂದು ಕೇಳಬೇಕಿತ್ತು. ನಡೆದದ್ದು ತಿರುಗುಮುರುಗು.

ಅಷ್ಟರಲ್ಲಿ ಇಳಿಜಾರಿನಲ್ಲಿ

ಈಗ ಕಚೇರಿ ಬಿಟ್ಟು ಬೆಟ್ಟಕ್ಕೆ ಬನ್ನಿ. ಬೆಂಕಿ ಆರಿದ ಮೊದಲ ವರ್ಷ. ನೆಲ ಕಪ್ಪು, ಕಾಂಡಗಳು ಕಪ್ಪು. ಸತ್ತ ಹಾಗೆ ಕಾಣುತ್ತದೆ.

ಸ್ವಲ್ಪ ಬಗ್ಗಿ ನೋಡಿದರೆ ಬೇರೆಯದೇ ಕಾಣುತ್ತದೆ. ಟ್ಯಾನ್‌ಓಕ್, ಮಡ್ರೋನ್ ಮರಗಳ ಕಾಂಡ ಸತ್ತಿದ್ದರೂ ಬುಡದಲ್ಲಿ ಚಿಗುರು ಒತ್ತಾಗಿ ಎದ್ದಿರುತ್ತದೆ. ಕಡಿದ ನೀಲಗಿರಿಯ ಬೊಡ್ಡೆ ಚಿಗುರುವುದನ್ನು ಕಂಡವರಿಗೆ ಇದು ಗೊತ್ತು. ನಾಬ್‌ಕೋನ್ ಪೈನ್ ಅನ್ನೋ ಮರದ ಕಾಯಿಗಳು ಅಂಟಿನಿಂದ ಬಿಗಿದುಕೊಂಡು ವರ್ಷಗಟ್ಟಲೆ ಕೊಂಬೆಗೇ ಅಂಟಿಕೊಂಡಿರುತ್ತವೆ. ಬೆಂಕಿಯ ಕಾವಿಗೆ ಅಂಟು ಕರಗಿದಾಗಲೇ ಬಾಯಿ ಬಿಟ್ಟು ಬೀಜ ಸುರಿಸುತ್ತವೆ. ಸಿಯನೋಥಸ್ ಎಂಬ ಪೊದೆಯ ಬೀಜ ಮಣ್ಣಿನಲ್ಲಿ ದಶಕಗಟ್ಟಲೆ ಮಲಗಿದ್ದು, ಕಾವು ತಾಗಿದ ಮೇಲೆ ಮೊಳೆಯುತ್ತದೆ. ಅದರ ಬೇರುಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತವೆ. ನಮ್ಮ ತೊಗರಿ, ಅವರೆ ಗಿಡಗಳ ಬೇರು ಮಾಡುವಂಥದೇ ಕೆಲಸ. ಸೆಷನ್ಸ್ ವರದಿ ಶತ್ರು ಎಂದು ಕಂಡ ಪೊದೆಗಳಲ್ಲಿ ಇದೂ ಒಂದು.

ಇನ್ನು ಸತ್ತ ಮರ. ಬೆಂಕಿಯ ಕಾವನ್ನೇ ಹುಡುಕಿಕೊಂಡು ಬರುವ ಒಂದು ಜಾತಿಯ ಜೀರುಂಡೆ ಇದೆ. ಅದರ ಮೈಯಲ್ಲಿ ಶಾಖ ಗುರುತಿಸುವ ಅಂಗವೇ ಇದೆ. ಹೊಗೆ ಆರುವ ಮೊದಲೇ ಬಂದು ಸುಟ್ಟ ತೊಗಟೆಯಲ್ಲಿ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಬಂದ ಹುಳುಗಳನ್ನು ತಿನ್ನೋಕೆ ಮರಕುಟಿಕಗಳು ಬರುತ್ತವೆ. ಪಶ್ಚಿಮ ಅಮೆರಿಕದ ಸುಟ್ಟ ಕಾಡುಗಳನ್ನೇ ನಂಬಿ ಬದುಕುವ ಕಪ್ಪು ಬೆನ್ನಿನ ಮರಕುಟಿಕ ಅನ್ನೋ ಹಕ್ಕಿಯಿದೆ. ಇದ್ದಿಲಾದ ಕಾಂಡದ ಮೇಲೆ ಕೂತರೆ ಬೆನ್ನು ಯಾವುದು, ತೊಗಟೆ ಯಾವುದು ಗೊತ್ತಾಗದಷ್ಟು ಕಪ್ಪು. ಮರಕುಟಿಕಗಳು ಕೊರೆದು ಬಿಟ್ಟ ಪೊಟರೆಗಳಲ್ಲಿ ಮುಂದೆ ನೀಲಿಹಕ್ಕಿ, ಗೂಬೆ, ಅಳಿಲು ಸಂಸಾರ ಹೂಡುತ್ತವೆ. ಮರ ಬಿದ್ದ ಮೇಲೆ ಅದೇ ದಿಮ್ಮಿ ಮಳೆನೀರು ಹಿಡಿದಿಟ್ಟುಕೊಂಡು, ಬೇಸಿಗೆಯಲ್ಲಿ ಸಸಿಗೆ ನೆರಳಾಗುತ್ತದೆ. ಹೊಳೆಗೆ ಉರುಳಿದರೆ ನೀರು ನಿಂತು ಸಾಲ್ಮನ್ ಮರಿಗಳಿಗೆ ಮಡು ಆಗುತ್ತದೆ. ಕೊಳೆಯುವುದು ಅಂದರೆ ಹಾಳಾಗುವುದು ಅಂತ ನಾವು ಅಂದುಕೊಳ್ಳುತ್ತೇವೆ. ಕಾಡಿನ ಲೆಕ್ಕದಲ್ಲಿ ಅದು ಹಾಗಲ್ಲ.

ಡಗ್ಲಸ್ ಫರ್ ಅಲ್ಲಿನ ಮುಖ್ಯ ಮರ. ಬದುಕುಳಿದ ತಾಯಿಮರಗಳ ಬೀಜ ಗಾಳಿಯಲ್ಲಿ ತೇಲಿಬಂದು ಸುಟ್ಟ ನೆಲದಲ್ಲಿ ಬೀಳುತ್ತದೆ. 2004ರ ಹೊತ್ತಿಗೆ ಆ ಇಳಿಜಾರುಗಳಲ್ಲಿ ಹೊಸ ಸಸಿಗಳು ಬೇರೂರಿದ್ದವು. ಅಂಗೈಯಲ್ಲಿ ಮುಚ್ಚಬಹುದಾದಷ್ಟು ಪುಟ್ಟವು. ಲಾರಿಯ ಕಿಟಕಿಯಿಂದ ನೋಡಿದರೆ ಕಾಣುವುದೇ ಇಲ್ಲ.

ಅಂದರೆ ಕಾಡಿಗೂ ಒಂದು ಗಡಿಯಾರ ಇತ್ತು. ಅದೂ ಅದೇ ದಿನ ಶುರುವಾಗಿತ್ತು. ಯೋಜನೆ, ಕರಡು, ಆಕ್ಷೇಪಣೆ ಎಂದು ಎರಡು ವರ್ಷ ಕಳೆಯುವಷ್ಟರಲ್ಲಿ ಉದ್ಯಮದವರು ನಷ್ಟ ಎಣಿಸುತ್ತಿದ್ದರು. ಅದೇ ಎರಡು ವರ್ಷದಲ್ಲಿ ಕಾಡು ಸಸಿ ಎಬ್ಬಿಸುತ್ತಿತ್ತು. ಗರಗಸಗಳು ಬಂದಿದ್ದು ಸರಿಯಾಗಿ ಆ ಸಸಿಗಳ ಮೇಲೆ.

ಸೇತುವೆ, ಕೋರ್ಟು, ತಪ್ಪಿದ ಗಡಿ

ಪರಿಸರ ಸಂಘಟನೆಗಳು ಕೋರ್ಟಿಗೆ ಹೋದವು. 2004ರಲ್ಲಿ ಮೇಲ್ಮನವಿ ನ್ಯಾಯಾಲಯ ಕೆಲಕಾಲ ತಡೆ ಕೊಟ್ಟಿತು. 2005ರ ಮಾರ್ಚ್‌ನಲ್ಲಿ ತಡೆ ಹೋಯಿತು. ಫಿಡ್ಲರ್ ಎಂಬ ಹೆಸರಿನ ಮಾರಾಟದ ಜಾಗಕ್ಕೆ ಯಂತ್ರಗಳು ಹೊರಟವು. ಸೆಲ್ಮಾ ಹತ್ತಿರ ಇಲಿನಾಯ್ ನದಿಯ ಮೇಲೆ ಗ್ರೀನ್ ಬ್ರಿಡ್ಜ್ ಅನ್ನೋ ಸೇತುವೆ ದಾಟಿಯೇ ಅಲ್ಲಿಗೆ ಹೋಗಬೇಕು. ಜನ ಸೇತುವೆಯ ಮೇಲೆ ಕೂತರು. ಪೊಲೀಸರು ಬಂಧಿಸಿದವರಲ್ಲಿ 72 ವರ್ಷದ ಅಜ್ಜಿಯೂ ಇದ್ದರು. ಆದರೂ ಲಾರಿಗಳು ದಾಟಿದವು.

ಆಮೇಲೆ ಆದ ಒಂದು ಘಟನೆಯನ್ನು ಬಿಡೋ ಹಾಗಿಲ್ಲ. ಫಿಡ್ಲರ್ ಮಾರಾಟದ ಪಕ್ಕದಲ್ಲೇ ಬೇಬಿಫುಟ್ ಕೆರೆ ಇದೆ. ಅಪರೂಪದ ಬ್ರೂವರ್ ಸ್ಪ್ರೂಸ್ ಮರಗಳಿಗಾಗಿ ಸರ್ಕಾರವೇ ಅದರ ಸುತ್ತಲಿನ ಜಾಗವನ್ನು ಸಸ್ಯಸಂಪತ್ತಿನ ಮೀಸಲು ಎಂದು ಘೋಷಿಸಿತ್ತು. ಅಲ್ಲಿ ಕಡಿಯೋಕೆ ಯೋಜನೆಯಲ್ಲೂ ಅನುಮತಿ ಇರಲಿಲ್ಲ. ಆದರೆ ಗಡಿ ಗುರುತು ಹಾಕುವಾಗ ಅರಣ್ಯ ಸೇವೆಯವರೇ ತಪ್ಪಿದರು. ಸುಮಾರು 17 ಎಕರೆ ಮೀಸಲು ಕಾಡಿನ ಮರಗಳು ನೆಲಕ್ಕುರುಳಿದವು. ತಪ್ಪನ್ನು ಕಂಡುಹಿಡಿದದ್ದು ಸ್ಥಳೀಯ ಪರಿಸರ ಕಾರ್ಯಕರ್ತರು, ಅದೂ ಕಡಿದು ಮುಗಿದ ಮೇಲೆ.

ಬೇಕೆಂದೇ ಮಾಡಿದ್ದು ಅಂತ ನಾನು ಹೇಳುವುದಿಲ್ಲ. ಅವಸರದಲ್ಲಿ ಹೀಗೇ ಆಗುತ್ತದೆ. ಮೇಲ್ಮನವಿಗೆ ಕಾಯುವ ದಿನಗಳನ್ನು ಕೆಲವು ಮಾರಾಟಗಳಲ್ಲಿ ತುರ್ತು ಎಂದು ಹೇಳಿ ಕೈಬಿಟ್ಟಿದ್ದರು. ಯಾರಾದರೂ ಒಂದು ಸಲ ನಕ್ಷೆ ಹಿಡಿದು ಗಡಿಯುದ್ದಕ್ಕೂ ನಡೆದು ನೋಡಿದ್ದರೆ ಆ ಮರಗಳು ಉಳಿಯುತ್ತಿದ್ದವು. ಸಾರ್ವಜನಿಕರ ಕಣ್ಣು ಅನ್ನೋದು ಬರೀ ಅಡ್ಡಗಾಲು ಅಲ್ಲ.

ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದೇ ಇಲ್ಲ. ಆ ಭಾಗದ ಪೋರ್ಟ್ ಆರ್ಫರ್ಡ್ ಸೀಡರ್ ಮರಗಳಿಗೆ ಬೇರುಕೊಳೆ ರೋಗ ಇದೆ. ಅಡಿಕೆಯ ಕೊಳೆರೋಗ ತರುವ ಸೂಕ್ಷ್ಮಜೀವಿಯ ಕುಲದ್ದೇ. ಒದ್ದೆ ಮಣ್ಣಿನಲ್ಲಿ ಹರಡುತ್ತದೆ. ಲಾರಿಯ ಚಕ್ರಕ್ಕೆ ಅಂಟಿದ ಕೆಸರೇ ಅದರ ವಾಹನ. ರಸ್ತೆ ಹೋಗದ ಕಾಡಿಗೆ ರೋಗ ಹೋಗುವುದೂ ಕಡಿಮೆ.

ಒಬ್ಬ ವಿದ್ಯಾರ್ಥಿ ಸಸಿ ಎಣಿಸಿದ

ಡೇನಿಯಲ್ ಡೊನಾಟೊ ಆಗ ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲೇ ಸಂಶೋಧನಾ ವಿದ್ಯಾರ್ಥಿ. ಸೆಷನ್ಸ್ ಪಾಠ ಮಾಡುತ್ತಿದ್ದ ಅದೇ ಅರಣ್ಯ ಕಾಲೇಜು. ಅವನೂ ಐವರು ಸಂಗಡಿಗರೂ ಮಾಡಿದ ಕೆಲಸ ತುಂಬಾ ಸರಳ. ತೀವ್ರವಾಗಿ ಸುಟ್ಟ ಜಾಗಗಳಲ್ಲಿ ನೆಲಕ್ಕೆ ಬಗ್ಗಿ ಸಸಿ ಎಣಿಸಿದರು. ಮರ ಕಡಿಯುವ ಮೊದಲು ಒಂದು ಸಲ, ಕಡಿದ ಮೇಲೆ ಇನ್ನೊಂದು ಸಲ. ಕಡಿಯದೆ ಬಿಟ್ಟ ಜಾಗಗಳಲ್ಲೂ ಎಣಿಸಿದರು.

ಕಡಿಯುವ ಮೊದಲು ಹೆಕ್ಟೇರಿಗೆ ಸರಾಸರಿ 767 ಸಸಿಗಳು ತಾನಾಗಿ ಬಂದಿದ್ದವು. ಕಡಿದ ಮೇಲೆ ಉಳಿದದ್ದು 224. ನೂರರಲ್ಲಿ 71 ಸತ್ತುಹೋದವು. ಕಾರಣ ಹುಡುಕೋಕೆ ದೂರ ಹೋಗಬೇಕಿರಲಿಲ್ಲ. ದಿಮ್ಮಿಯನ್ನು ಎಳೆದಾಗ ಮಣ್ಣು ಕಿತ್ತು ಬಂತು. ಕತ್ತರಿಸಿ ಬಿಟ್ಟ ರೆಂಬೆ ಕೊಂಬೆಗಳು ಸಸಿಗಳ ಮೇಲೆ ರಾಶಿಯಾಗಿ ಬಿದ್ದವು. ಆ ರಾಶಿಯೇ ಇನ್ನೊಂದು ತೊಂದರೆ. ಎತ್ತರದಲ್ಲಿ ನಿಂತಿದ್ದ ಒಣ ಕೊಂಬೆಗಳು ಈಗ ನೆಲದ ಮೇಲೆ, ಮುಂದಿನ ಬೆಂಕಿಗೆ ಹಾಸಿದ ಸೌದೆಯಾಗಿ. ಗಾಯದ ಮೇಲೆ ಬರೆ ಎಳೆಯುವುದು ಅಂದರೆ ಇದೇ.

ಒಂದೇ ಪುಟದ ಆ ಪ್ರಬಂಧ 2006ರ ಜನವರಿಯಲ್ಲಿ 'ಸೈನ್ಸ್' ಪತ್ರಿಕೆಯ ಜಾಲತಾಣದಲ್ಲಿ ಬಂತು. ಆಮೇಲಾದದ್ದು ವಿಜ್ಞಾನದ ಲೋಕದಲ್ಲಿ ಅಪರೂಪ. ಅದೇ ವಿಶ್ವವಿದ್ಯಾಲಯದ ಕೆಲವು ಪ್ರಾಧ್ಯಾಪಕರು, ಸೆಷನ್ಸ್ ಕೂಡ ಸೇರಿ, ಮುದ್ರಣ ನಿಲ್ಲಿಸಿ ಎಂದು ಪತ್ರಿಕೆಗೆ ಬರೆದರು. ಸಂಪಾದಕ ಡೊನಾಲ್ಡ್ ಕೆನಡಿ ಒಪ್ಪಲಿಲ್ಲ. ಸಂಶೋಧನೆಗೆ ಹಣ ಕೊಡುತ್ತಿದ್ದ ಕೇಂದ್ರದ ಭೂ ಇಲಾಖೆ, ಕರಾರು ಮೀರಿದ್ದಾರೆ ಎಂದು ಹಣ ತಡೆಹಿಡಿಯಿತು. ಎಲ್ಲ ಕಡೆಯಿಂದ ಟೀಕೆ ಬಂದ ಮೇಲೆ ಮತ್ತೆ ಕೊಟ್ಟಿತು. ಫೆಬ್ರವರಿಯಲ್ಲಿ ಮೆಡ್‌ಫರ್ಡ್ ಊರಿನಲ್ಲಿ ಸಂಸತ್ತಿನ ಸಮಿತಿ ವಿಚಾರಣೆ ಕರೆದು, ಈ ವಿದ್ಯಾರ್ಥಿಯನ್ನು ಸಂಸದರ ಮುಂದೆ ಕೂರಿಸಿ ಪ್ರಶ್ನೆ ಕೇಳಿತು.

ಪ್ರಬಂಧದ ಮೇಲೆ ವೈಜ್ಞಾನಿಕ ಆಕ್ಷೇಪಗಳೂ ಬಂದವು. ಒಂದೆರಡು ವರ್ಷದ ಅಳತೆ ಸಾಲದು, ಮುಂದೆ ಸಸಿಗಳ ಗತಿ ಏನು ಎಂಬುದು ಇದರಿಂದ ತಿಳಿಯದು ಅನ್ನೋದು ಅದರಲ್ಲಿ ಮುಖ್ಯವಾದದ್ದು. ಆ ಮಾತು ತಪ್ಪಲ್ಲ. ಆದರೆ ಮೊದಲು ಹೇಳುತ್ತಿದ್ದದ್ದು ಏನು? ಮರ ತಾನಾಗಿ ಬರುವುದೇ ಇಲ್ಲ, ಕಡಿದು ನೆಟ್ಟರೆ ಮಾತ್ರ ಕಾಡು ಅಂತ. ಸಸಿ ಬಂದಿತ್ತು. ಎಣಿಸಿ ತೋರಿಸಿದ್ದರು.

ಈ ಗಲಾಟೆಗೆ ಹಿನ್ನೆಲೆಯಿತ್ತು. ಸುಟ್ಟ ಕಾಡುಗಳಲ್ಲಿ ಕಡಿತಕ್ಕೆ ಬೇಗ ಅನುಮತಿ ಕೊಡುವ ಮಸೂದೆ ಆಗ ಸಂಸತ್ತಿನ ಮುಂದಿತ್ತು. 2006ರ ಮೇ ತಿಂಗಳಲ್ಲಿ ಕೆಳಮನೆಯಲ್ಲಿ 243-182 ಮತಗಳಿಂದ ಪಾಸಾಯಿತು. ಸೆನೆಟ್ ಅದನ್ನು ದಾಟಿಸಲಿಲ್ಲ. ಮಸೂದೆ ಅಲ್ಲಿಗೇ ಬಿದ್ದುಹೋಯಿತು.

ಮುಂದಿನ ವರ್ಷ ಇನ್ನೊಂದು ಅಧ್ಯಯನ ಬಂತು. ಈ ಬೆಟ್ಟಗಳಲ್ಲಿ 1987ರಲ್ಲೂ ಸಿಲ್ವರ್ ಬೆಂಕಿ ಎಂಬ ದೊಡ್ಡ ಕಿಚ್ಚು ಹೊತ್ತಿತ್ತು. ಆಗ ಕೆಲವು ಕಡೆ ಕಡಿದು ಸಸಿ ನೆಟ್ಟಿದ್ದರು, ಕೆಲವು ಕಡೆ ಸುಮ್ನೆ ಬಿಟ್ಟಿದ್ದರು. 2002ರಲ್ಲಿ ಬಿಸ್ಕಿಟ್ ಬೆಂಕಿ ಎರಡರ ಮೇಲೂ ಹಾದುಹೋಯಿತು. ಜೊನಾಥನ್ ಥಾಂಪ್ಸನ್ ಮತ್ತು ಸಂಗಡಿಗರು ಉಪಗ್ರಹದ ಚಿತ್ರಗಳಲ್ಲಿ ಹೋಲಿಸಿ ನೋಡಿದರು. ಮೊದಲು ಜೋರಾಗಿ ಸುಟ್ಟ ಜಾಗ ಎರಡನೇ ಸಲವೂ ಜೋರಾಗಿ ಸುಡುವ ಒಲವು ಎಲ್ಲ ಕಡೆ ಇತ್ತು. ಆದರೆ ಕಡಿದು ನೆಟ್ಟ ಜಾಗಗಳು, ಬಿಟ್ಟ ಜಾಗಗಳಿಗಿಂತ ಜಾಸ್ತಿ ತೀವ್ರವಾಗಿ ಸುಟ್ಟಿದ್ದವು. ಒಂದೇ ವಯಸ್ಸಿನ, ಒತ್ತೊತ್ತಾಗಿ ನೆಟ್ಟ ತೋಪು ಬೆಂಕಿಗೆ ಸುಲಭದ ತುತ್ತು. ಮುಂದಿನ ಬೆಂಕಿ ತಪ್ಪಿಸೋಕೆ ಕಡಿಯಬೇಕು ಅನ್ನೋ ವಾದಕ್ಕೆ ಇದಕ್ಕಿಂತ ನೇರವಾದ ಉತ್ತರ ಸಿಗುವುದು ಕಷ್ಟ.

ಎಣಿಸಿದರೆ ಸಿಕ್ಕಿದ್ದೆಷ್ಟು

2005ರ ಮೇ ತಿಂಗಳಲ್ಲಿ ಬುಷ್ ಸರ್ಕಾರ ರಸ್ತೆಯಿಲ್ಲದ ಕಾಡುಗಳ ನಿಯಮವನ್ನು ತೆಗೆದುಹಾಕಿತ್ತು. 2006ರ ಬೇಸಿಗೆಯಲ್ಲಿ ಮೈಕ್ಸ್ ಗಲ್ಚ್, ಬ್ಲ್ಯಾಕ್‌ಬೆರಿ ಎಂಬ ಎರಡು ಮಾರಾಟಗಳು ಅಂಥ ಕಾಡಿನಲ್ಲೇ ನಡೆದವು. ರಸ್ತೆ ಇಲ್ಲದ್ದರಿಂದ ಹೆಲಿಕಾಪ್ಟರ್‌ನಲ್ಲಿ ದಿಮ್ಮಿ ಎತ್ತಿದರು. ಆರೆಗಾನ್ ರಾಜ್ಯಪಾಲ ಟೆಡ್ ಕುಲೊಂಗೊಸ್ಕಿ ಬೇಡ ಎಂದರೂ ಕೇಳಲಿಲ್ಲ. ಸೆಪ್ಟೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ನ್ಯಾಯಾಧೀಶೆ ಎಲಿಜಬೆತ್ ಲಪೋರ್ಟ್ ಹಳೆಯ ನಿಯಮವನ್ನು ಮತ್ತೆ ಜಾರಿಗೆ ತಂದರು. ಅಷ್ಟರಲ್ಲಿ ಬಹಳಷ್ಟು ಮರ ಹೋಗಿತ್ತು.

ಕೊನೆಗೆ ಇಡೀ ಯೋಜನೆಯಲ್ಲಿ ಸಿಕ್ಕಿದ್ದು 37 ಕೋಟಿಯ ಐದರಲ್ಲೊಂದು ಪಾಲಿಗೂ ಕಡಿಮೆ. ಕೋರ್ಟು ಕಚೇರಿಯಿಂದ ಹೀಗಾಯಿತು, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಉದ್ಯಮದವರು ಇವತ್ತಿಗೂ ನೊಂದುಕೊಳ್ಳುತ್ತಾರೆ. ತಡವಾದದ್ದು ನಿಜ. ಆದರೆ ಅಂಕಿಯನ್ನು ಐದು ಪಟ್ಟು ಹಿಗ್ಗಿಸೋಕೆ ಹೋಗಿದ್ದೂ ತಡಕ್ಕೆ ಕಾರಣ. ಶುರುವಿನ ಅಂದಾಜಿಗೇ ನಿಂತು, ರಸ್ತೆ ಬದಿಯ ಅಪಾಯದ ಮರಗಳನ್ನೂ ಈಗಾಗಲೇ ರಸ್ತೆ ಇರುವ ಜಾಗದ ಮರಗಳನ್ನೂ ಮಾತ್ರ ತೆಗೆದಿದ್ದರೆ ಇಷ್ಟು ಜಗಳ ಆಗುತ್ತಿತ್ತೇ?

ಆ ಊರುಗಳ ಜನರ ಕಷ್ಟವನ್ನೂ ನೋಡಬೇಕು. 1990ರ ದಶಕದಲ್ಲಿ ಸರ್ಕಾರಿ ಕಾಡಿನ ಕಡಿತ ಇಳಿದಾಗ ಮರದ ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಕೌಂಟಿಯ ಶಾಲೆ, ರಸ್ತೆಗಳಿಗೆ ಮರದ ಆದಾಯದ ಪಾಲು ಬರುತ್ತಿತ್ತು, ಅದೂ ಬತ್ತಿತು. ಮಿಲ್ಲಿನಲ್ಲಿ ದುಡಿದವನ ಕಣ್ಣಿಗೆ ಬೆಟ್ಟದ ಮೇಲೆ ಕೊಳೆಯುವ ಮರ ಮಕ್ಕಳ ಅನ್ನದ ಹಾಗೆ ಕಂಡರೆ ತಪ್ಪು ಹೇಳೋಕಾಗಲ್ಲ. ಆದರೆ ಮಿಲ್ಲಿನ ಕಷ್ಟಕ್ಕೆ ಮಿಲ್ಲಿನ ಪರಿಹಾರ ಹುಡುಕಬೇಕು. ಬೆಂಕಿಯಿಂದ ಈಗಷ್ಟೇ ಏಳುತ್ತಿರುವ ಇಳಿಜಾರಿನ ಮೇಲೆ ಆ ಭಾರ ಹೊರಿಸುವುದು ನ್ಯಾಯ ಅಲ್ಲ.

ನಮ್ಮಲ್ಲಿ ಒಂದು ಆದೇಶ ಇದೆ, ಹೆಚ್ಚು ಜನಕ್ಕೆ ಗೊತ್ತಿಲ್ಲ. ಕಾಡಿನ ರಕ್ಷಣೆಗೆ ಸಂಬಂಧಿಸಿದ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದ ಫೆಬ್ರವರಿ 14ರಂದು, ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಂದ ಸತ್ತ, ರೋಗ ಹಿಡಿದ, ಸಾಯುತ್ತಿರುವ, ಗಾಳಿಗೆ ಬಿದ್ದ ಮರಗಳನ್ನೂ ಹುಲ್ಲನ್ನೂ ತೆಗೆಯದಂತೆ ತಡೆಯಿತು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟಾಗ ನಾವು ಬೆಂಕಿ ಹೇಗೆ ಬಂತು, ಯಾಕೆ ತಡೆಯೋಕಾಗಲಿಲ್ಲ ಎಂದೆಲ್ಲ ಜಗಳವಾಡಿದೆವು. ನಿಂತ ಮರ ಯಾರಿಗೆ ಎಂಬ ಜಗಳಕ್ಕೆ ಜಾಗವೇ ಇರಲಿಲ್ಲ. ಆರೆಗಾನ್‌ನಲ್ಲಿ ಪ್ರತಿ ಬೆಂಕಿಯ ನಂತರವೂ ಆ ಜಗಳ ಮೊದಲಿನಿಂದ ಶುರುವಾಗುತ್ತದೆ.

2017ರಲ್ಲಿ ಕಾಲ್ಮಿಯಾಪ್ಸಿಸ್ ಒಳಗೆ ಸಿಡಿಲು ಬಡಿದು ಚೆಟ್ಕೊ ಬಾರ್ ಬೆಂಕಿ ಎದ್ದಿತು. ಸುಮಾರು 1,91,000 ಎಕರೆ. ಮರುವರ್ಷ ಕ್ಲೋಂಡೈಕ್ ಬೆಂಕಿ. ಎರಡೂ ಬಿಸ್ಕಿಟ್ ಬೆಂಕಿ ಸುಟ್ಟ ನೆಲದ ಮೇಲೇ ಮತ್ತೆ ಹರಿದಾಡಿದವು. ಮತ್ತೆ ಮಾರಾಟದ ಯೋಜನೆ, ಮತ್ತೆ ಆಕ್ಷೇಪಣೆ.

2025ರ ಜೂನ್‌ನಲ್ಲಿ ಅಮೆರಿಕದ ಕೃಷಿ ಕಾರ್ಯದರ್ಶಿ ಬ್ರೂಕ್ ರಾಲಿನ್ಸ್, ರಸ್ತೆಯಿಲ್ಲದ ಕಾಡುಗಳ 2001ರ ನಿಯಮವನ್ನೇ ರದ್ದು ಮಾಡುವುದಾಗಿ ಪ್ರಕಟಿಸಿದರು. ಬೆಂಕಿ ತಡೆಯೋಕೆ ರಸ್ತೆ ಬೇಕು, ಮರ ತೆಗೆಯಬೇಕು ಅನ್ನೋದೇ ಈ ಸಲವೂ ಕೊಟ್ಟ ಕಾರಣ. ಅದೇ ವರ್ಷ ಜನರ ಅಭಿಪ್ರಾಯ ಕೇಳಿದಾಗ ಲಕ್ಷಾಂತರ ಜನ ಬರೆದರು. ಆ ನಿಯಮ ಕಾಯುತ್ತಾ ಬಂದ ಕಾಡುಗಳ ನಕ್ಷೆಯಲ್ಲಿ ಆರೆಗಾನ್ ಪುಟ ತೆರೆದು, ನೈಋತ್ಯ ಮೂಲೆಗೆ ಬೆರಳಿಟ್ಟರೆ ಉತ್ತರ ಕಾಲ್ಮಿಯಾಪ್ಸಿಸ್, ದಕ್ಷಿಣ ಕಾಲ್ಮಿಯಾಪ್ಸಿಸ್ ಎಂಬ ಎರಡು ಹೆಸರು ಕಾಣುತ್ತವೆ.